ಚಿಕ್ಕಲಕ್ಷ್ಮಮ್ಮನ ಕೈಗುಣ

ಎಲೆ ಸರಿಸಿ ಸರಿಸಿ ಪರ್ವತಯ್ಯನ ಬೆರಳು ಸೋತವು. ಅಂಗಳದ ಬದಿಯ ಪಾತಿಯಲ್ಲಿ ಮಂಡಿಯೂರಿ ಈ ಮೂಲೆಯಿಂದ ಆ ಮೂಲೆಗೆ ಹುಡುಕುತ್ತಿರುವುದು ಇದು ಮೂರನೇ ಸಲ. ಒಂದು ಹೂ. ಹೋಗಲಿ, ಒಂದು ಮೊಗ್ಗು. ಎಲ್ಲಿದೆ? ಅಂಗೈಯಗಲದ ದುಂಡು ಎಲೆಗಳು ಸೊಕ್ಕಿ ನಿಂತಿವೆ, ಅಷ್ಟೇ. ಒಳಗೆ ನಡುಮನೆಯಲ್ಲಿ ಹೆಂಡತಿ ಚಿಕ್ಕಲಕ್ಷ್ಮಮ್ಮನ ಹೆಣ ಮಲಗಿದೆ. ನಿನ್ನೆ ಸಂಜೆ ಡೈರಿಗೆ ಹಾಲು ಹಾಕಿ ಬಂದು, ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ.

"ಅಪ್ಪಾ, ಏನ್ಮಾಡ್ತಿದ್ದೀಯ ಅಲ್ಲಿ?" ಮಗ ಜಯಕುಮಾರ್ ಶಾಮಿಯಾನದ ಕೆಳಗಿನಿಂದ ಕೂಗಿದ. "ಹನ್ನೆರಡಕ್ಕೆ ಎತ್ಬೇಕು. ಬಿರ್ರನೆ ಸ್ನಾನ ಮಾಡ್ಬಾ."

"ನಿಮ್ಮವ್ವನ ಗಿಡದಾಗೆ ಒಂದು ಹೂವಾದ್ರೂ ಐತೇನೋ ಅಂತ ನೋಡ್ತಿದ್ದೀನಿ ಕಣ್ಲಾ."

"ಅದ್ಯಾವತ್ತು ಹೂ ಬಿಟ್ಟಿತ್ತಪ್ಪ? ದೊಡ್ಡೇರಿಯಿಂದ ಎರಡು ಚೀಲ ಸೇವಂತಿಗೆ ತರ್ಸಿದ್ದೀನಿ, ಬಾ."

ಸೇವಂತಿಗೆಯಂತೆ ಸೇವಂತಿಗೆ! ಯಾರಿಗೆ ಬೇಕಿತ್ತು? ಪರ್ವತಯ್ಯ ಗೊಣಗುತ್ತಾ ಎದ್ದ.

ಒಳಗೆ ಇನ್ನೊಂದು ತಕರಾರು ನಡೆದಿತ್ತು. ಈ ಮನೆತನದಲ್ಲಿ ಮುತ್ತೈದೆ ಸತ್ತರೆ, ಹೊಸ್ತಿಲು ದಾಟಿಸುವ ಮುಂಚೆ ಅವಳ ಅಂಗೈಗೆ ಬಿತ್ತನೆಯ ಕಡಲೆಕಾಯಿ ಬೀಜ ಸುರಿದು, ಅಲ್ಲಿಂದ ಸೊಸೆಯ ಸೆರಗಿಗೆ ಜಾರಿಸುವುದು ಪದ್ಧತಿ. ಹೋಗುವವಳ ಕೈಗುಣ ಮನೆಯಲ್ಲೇ ಉಳಿದು ಮುಂದಿನ ಬೆಳೆಗೆ ಹತ್ತಲಿ ಅಂತ. ಸೊಸೆ ಜ್ಯೋತಿಲಕ್ಷ್ಮಿ ಮೊರದಲ್ಲಿ ಬೀಜ ಇಟ್ಟುಕೊಂಡು ನಿಂತಿದ್ದಳು. ಸತ್ತವಳ ಅಕ್ಕ ಪೆದ್ದಮ್ಮ ವೈ.ಎನ್.ಹೊಸಕೋಟೆಯಿಂದ ಬೆಳಗಿನ ಬಸ್ಸಿಗೇ ಬಂದಿದ್ದಳು. ಅವಳು ಮೊರಕ್ಕೆ ಕೈ ಅಡ್ಡ ಹಿಡಿದಳು.

"ಇದೊಂದು ಬ್ಯಾಡ ಕಣಮ್ಮ. ನಾ ಚೆಲ್ಲೆಲು, ನನ್ ತಂಗಿ, ಬಂಗಾರದಂಥೋಳು, ಇಲ್ಲ ಅನ್ನಾಕಿಲ್ಲ. ಕೈಗುಣ ಒಂದು ಇರ್ನಿಲ್ಲ. ಅವಳೇ ಬಾಯಿಬಿಟ್ಟು ಹೇಳ್ಕಂತಿದ್ಲಲ್ಲ? ಅಂಥ ಗುಣ ನಿನ್ ಸೆರಗಿಗ್ಯಾಕೆ ಕಟ್ಕಂತೀಯ? ಏನಂತೀಯ ಪರ್ವತಯ್ಯ?"

ಎಲ್ಲರೂ ಅವನ ಮುಖ ನೋಡಿದರು. ಆ ಮಾತು ಮೊದಲು ಹುಟ್ಟಿದ್ದೇ ಅವನ ಬಾಯಿಂದ. ಈಗ ಇಲ್ಲ ಅನ್ನಲು ಅವನ ಹತ್ತಿರ ಏನಿತ್ತು?

"ನಿಮ್ಮಿಷ್ಟ ಬುಡಿ," ಅಂದು ಬಚ್ಚಲಿಗೆ ಹೋದ. ಜ್ಯೋತಿಲಕ್ಷ್ಮಿ ಬೀಜವನ್ನು ಡಬ್ಬಕ್ಕೆ ವಾಪಸ್ ಸುರಿದ ಸದ್ದು ಅಲ್ಲಿಗೂ ಕೇಳಿಸಿತು.

*

ಆರು ವರ್ಷದ ಹಿಂದೆ ಮದುವೆಯೊಂದಕ್ಕೆ ಸಿರಾಕ್ಕೆ ಹೋಗಿದ್ದಾಗ, ನಿಯಾಜ್ ಅಹಮದನ ನರ್ಸರಿಯ ಬೇಲಿ ಮೇಲೆ ಅವಳು ಆ ಹೂ ಕಂಡಿದ್ದಳು. ಕಿತ್ತಳೆ ಬಣ್ಣ, ಹಿಂದೊಂದು ಪುಟ್ಟ ಬಾಲ. ಹೆಸರು ನ್ಯಾಸ್ಟರ್ಷಿಯಂ ಅಂತ ನಿಯಾಜ್ ಹೇಳಿದ. ಬಾಯಿಗೆ ತಿರುಗದೆ ಅವಳು ಅದನ್ನು ಛತ್ರಿ ಎಲೆ ಹೂ ಅಂತ ಕರೆದಳು.

"ಮುಡ್ಕಳಾಕೆ ಬರಲ್ಲ, ದೇವ್ರಿಗೂ ಏರ್ಸಲ್ಲ, ಸಂತೇಲೂ ಹೋಗಲ್ಲ. ಮತ್ಯಾಕೇ?" ಅಂತ ಪರ್ವತಯ್ಯ ಕೇಳಿದ್ದ.

"ನೋಡಾಕೆ," ಅಂದಿದ್ದಳು.

ಅಲ್ಲಿಂದ ಶುರುವಾಯಿತು ನೋಡಿ. ದಸರಾ ಕಳೆಯುತ್ತಿದ್ದಂತೆ ಸಿರಾದ ಬಸ್ಸು, ನಿಯಾಜನ ಅಂಗಡಿ, ಮರದ ಬೆಂಚು. ನಿಯಾಜ್ ಪೊಟ್ಟಣಗಳನ್ನು ಸಾಲಾಗಿ ಇಡುತ್ತಿದ್ದ. "ಇದು ಕುಳ್ಳ ಜಾತಿ ಅಮ್ಮ, ಪಾತೀಲೇ ಕೂತ್ಕೊಳ್ಳುತ್ತೆ. ಇದು ಬಳ್ಳಿ, ಬೇಲಿಗೆ ಹಬ್ಬುತ್ತೆ. ಇದರ ಎಲೆ ಮೇಲೆಲ್ಲ ಬಿಳಿ ಮಚ್ಚೆ. ಇದು ಕಡುಗೆಂಪು." ಅವಳು ಒಂದೊಂದನ್ನೂ ಎತ್ತಿ, ಚಿತ್ರ ನೋಡಿ, ಕೆಳಗಿಟ್ಟು, ಮತ್ತೆ ಎತ್ತುವಳು. ಸೀರೆ ಅಂಗಡಿಯಲ್ಲೂ ಅಷ್ಟು ಹೊತ್ತು ಕೂತವಳಲ್ಲ. ಪರ್ವತಯ್ಯ ಬಾಗಿಲಲ್ಲಿ ನಿಂತು, "ಬಸ್ಸು ಹೋಗ್ತದೆ ಕಣೇ, ಯಾವ್ದಾರ ಒಂದು ತಗಾ," ಅಂತ ಕೂಗುವನು.

"ಯಾವ್ದಾದ್ರೂ ತಗೊಳ್ಳಿ ಅಮ್ಮ, ಗೊಬ್ಬರ ಮಾತ್ರ ಹಾಕ್ಬೇಡಿ. ಬರಡು ಮಣ್ಣಲ್ಲೇ ಇದು ಖುಷಿಯಾಗಿರೋದು," ಅಂದಿದ್ದ ನಿಯಾಜ್.

ಬಸ್ಸಿನಲ್ಲಿ ಪರ್ವತಯ್ಯ ನಕ್ಕಿದ್ದೇ ನಕ್ಕಿದ್ದು. ಗೊಬ್ಬರ ಬೇಡವೆನ್ನುವ ಗಿಡ ಭೂಮಿ ಮೇಲೆ ಉಂಟೇ? ನಲವತ್ತು ವರ್ಷ ಕುರಿ ಸಾಕಿ, ಹೊಲ ಉತ್ತವನಿಗೆ ಅಂಗಡಿಯವನು ಪಾಠ ಹೇಳುತ್ತಾನೆ! ಅವಳು ಪಾತಿಗೆ ಒಂದು ಹಿಡಿಯೂ ಹಾಕಲಿಲ್ಲ. ಇವನು ಅವಳು ಡೈರಿಗೆ ಹೋದ ಹೊತ್ತು ನೋಡಿ, ಕುರಿ ಹಿಕ್ಕೆ ಪುಡಿಮಾಡಿ ಬುಟ್ಟಿಗಟ್ಟಲೆ ಸುರಿದು, ಮೇಲೆ ಮಣ್ಣೆಳೆದು ಬರುತ್ತಿದ್ದ. ಕೆಟ್ಟದ್ದಕ್ಕೆ ಮಾಡಿದ್ದಲ್ಲ. ಪಾತಿ ತುಂಬ ಹೂ ಬಿಟ್ಟ ದಿನ, ಇದು ನನ್ನ ಗೊಬ್ಬರದ ಮಹಿಮೆ ಕಣೇ ಅಂದು ಅವಳ ಮುಖ ನೋಡಬೇಕೆಂಬ ಆಸೆ.

ಹೂ ಬಿಡಲೇ ಇಲ್ಲ. ಮೊದಲ ವರ್ಷ ಕುಳ್ಳ ಜಾತಿ, ಬರೀ ಎಲೆ. ಮರುವರ್ಷ ಬಳ್ಳಿ, ಪಕ್ಕದ ಚಿಕ್ಕರಂಗಯ್ಯನ ಹಿತ್ತಿಲವರೆಗೂ ಹಬ್ಬಿತು, ಬರೀ ಎಲೆ. ಆರಿಸಿದ್ದೇ ತಪ್ಪಾಯಿತು ಅಂದುಕೊಂಡು ಅವಳು ಮುಂದಿನ ಸಲ ಇನ್ನೂ ಹೊತ್ತು ಕೂತು ಆರಿಸುವಳು. ನಾಲ್ಕನೇ ವರ್ಷ ಕಡುಗೆಂಪು ಕೂಡ ಕೈ ಕೊಟ್ಟಾಗ ಪರ್ವತಯ್ಯನ ತಲೆ ಕೆಟ್ಟಿತು. ಕಳೆ ತೆಗೆಯಲು ಬಂದ ಹೆಂಗಸರ ಎದುರಿಗೇ ಅಂದುಬಿಟ್ಟ: "ಬೀಜದ್ದಲ್ಲ ಕಣೇ ತಪ್ಪು. ನಿನ್ ಕೈಗುಣವೇ ಸರಿ ಇಲ್ಲ."

ಅವಳು ಅಂಗೈ ತಿರುಗಿಸಿ ಒಮ್ಮೆ ನೋಡಿಕೊಂಡಳು.

ಆ ಆಷಾಢದಲ್ಲಿ ಕಡಲೆಕಾಯಿ ಬಿತ್ತುವಾಗ ನೇಗಿಲ ಹಿಂದೆ ಮೊದಲ ಬೀಜ ಬಿಡುವುದನ್ನು ಸೊಸೆಗೆ ಕೊಟ್ಟು ಬದುವಿನ ಮೇಲೆ ನಿಂತಳು. ಆಮೇಲೆ ಹಾಲಿಗೆ ಹೆಪ್ಪು ಹಾಕುವುದು ಬಿಟ್ಟಳು, ಉಪ್ಪಿನಕಾಯಿ ಜಾಡಿ ಮುಟ್ಟುವುದು ಬಿಟ್ಟಳು. ಯಾರಾದರೂ ಕರೆದರೆ, "ನನ್ ಕೈ ಬ್ಯಾಡ ಬುಡವ್ವ," ಅನ್ನುವಳು. ಆದರೂ ಸಿರಾದ ಬಸ್ಸು ಮಾತ್ರ ಬಿಡಲಿಲ್ಲ. ಬೀಜ ತಾನು ಆರಿಸಿ, ಮಣ್ಣಿಗೆ ಹಾಕುವುದನ್ನು ಜ್ಯೋತಿಲಕ್ಷ್ಮಿಗೆ ಬಿಟ್ಟಳು. ಆಗಲೂ ಎಲೆ. "ಹಾಕಿದ್ಯಾರಾದ್ರೇನು, ಆರ್ಸಿದ್ದು ನಾನೇ ತಾನೆ," ಅಂದಳು.

*

ಚಟ್ಟ ಕಟ್ಟುವ ಹೊತ್ತಿಗೆ ನಿಯಾಜ್ ಬಂದ. ಜ್ಯೋತಿಲಕ್ಷ್ಮಿಯ ವಾಟ್ಸಾಪ್ ಸ್ಟೇಟಸ್ ನೋಡಿ ಸ್ಕೂಟರಿನಲ್ಲೇ ಹೊರಟಿದ್ದನಂತೆ. ಅವನು ಈ ಮನೆಗೆ ಬಂದದ್ದು ಇದೇ ಮೊದಲು. ಒಳಗೆ ಕೈಮುಗಿದು ಬಂದವನು ಪಾತಿಯ ಮುಂದೆ ನಿಂತುಬಿಟ್ಟ. ಬಗ್ಗಿ ಒಂದು ಗಿಡ ಕಿತ್ತ. ಬೇರಿನ ಜೊತೆ ಕಪ್ಪು ಮಣ್ಣು, ಅದರ ತುಂಬ ಹಿಕ್ಕೆ.

"ಯಾ ಅಲ್ಲಾ! ಇಷ್ಟೊಂದು ಗೊಬ್ಬರ ಯಾರು ಹಾಕಿದ್ದು, ಪರ್ವತಣ್ಣ?"

ಪರ್ವತಯ್ಯ ಬೇರಿಗಂಟಿದ ಹಿಕ್ಕೆಯನ್ನು ನೋಡಿದ.

"ಗೊಬ್ಬರ ಜಾಸ್ತಿಯಾದ್ರೆ ಇದು ಎಲೆ ಬಿಟ್ಟು ಇನ್ನೇನೂ ಕೊಡಲ್ಲ. ಪ್ರತಿ ವರ್ಷ ಕೇಳ್ತಿದ್ದೆ, ಒಂದು ಹಿಡೀನೂ ಹಾಕಿಲ್ಲ ಕಣಪ್ಪ ಅಂತಿದ್ರು ಅಮ್ಮ. ನಾನು ಬೀಜಾನೇ ಖರಾಬು ಅಂದ್ಕೊಂಡು ಬೇರೆ ಕಡೆಯಿಂದ ತರ್ಸಿದ್ದೆ."

"ಅವಳು ಹಾಕಿಲ್ಲ," ಅಂದ ಪರ್ವತಯ್ಯ. "ನಾನು. ಕದ್ದು ಹಾಕ್ತಿದ್ದೆ."

ನಿಯಾಜ್ ಗಿಡವನ್ನು ಮೆಲ್ಲನೆ ಕೆಳಗಿಟ್ಟ. ಬೈದಿದ್ದರೆ ವಾಸಿಯಿತ್ತು.

ಅಷ್ಟರಲ್ಲಿ ತಮಟೆ ಶುರುವಾಯಿತು. ಪರ್ವತಯ್ಯ ಓಡಿದ. ನಾಲ್ವರು ಚಟ್ಟ ಹೊತ್ತು ಅಂಗಳಕ್ಕೆ ಇಳಿದಾಗಿತ್ತು.

"ಇಳಿಸ್ರೋ! ಬೀಜ ತರ್ಬೇಕು! ಕೈಗೆ ಬೀಜ ಹಾಕ್ಬೇಕು!"

"ಹೊಸ್ತಿಲು ದಾಟಿದ ಮ್ಯಾಲೆ ಇಳಿಸ್ತಾರೇನಪ್ಪ?" ಜಯಕುಮಾರ್ ಅಪ್ಪನ ರಟ್ಟೆ ಹಿಡಿದ. "ಆಗ್ಲೇ ಕೇಳಿದ್ರಲ್ಲ, ನೀನೇ ನಿಮ್ಮಿಷ್ಟ ಅಂದೆ."

"ನಂಗೊತ್ತಿರ್ನಿಲ್ಲ ಕಣ್ಲಾ. ಅವಳ ಕೈ ಚೆನ್ನಾಗೇ ಇತ್ತು. ಗೊಬ್ಬರ..."

ತಮಟೆಯ ಏಟಿಗೆ ಮಾತು ಮುಳುಗಿತು. ದಾರಿಯಲ್ಲಿ ಚಿಕ್ಕರಂಗಯ್ಯನ ತೋಳು ಜಗ್ಗಿ ಹೇಳಿದ: "ರಂಗ, ಗೊಬ್ಬರ ಹಾಕಿದ್ದು ನಾನು ಕಣ್ಲಾ."

"ಹೂಂ ಬುಡಣ್ಣ, ಗೊಬ್ಬರ ಎಲ್ರೂ ಹಾಕ್ತಾರೆ," ಅಂದು ಚಿಕ್ಕರಂಗಯ್ಯ ಅವನ ಬೆನ್ನು ಸವರಿದ. ಥೂ, ಇವರ ಸಮಾಧಾನಕ್ಕೆ ಬೆಂಕಿ ಬೀಳ! ಒಬ್ಬನಾದರೂ ನಿಂತು ಕೇಳಬಾರದೇ? ಇಷ್ಟು ವರ್ಷ ಅವಳು ತಲೆ ತಗ್ಗಿಸಿ ಕೂತಾಗ ತಾನೂ ಹೀಗೇ ಕೇಳಿರಲಿಲ್ಲ ಅನ್ನುವುದು ನೆನಪಾಗಿ ಪರ್ವತಯ್ಯನಿಗೆ ಅಳು ಉಕ್ಕಿಬಂತು.

ಹೊಲದ ಮೂಲೆಯಲ್ಲಿ ಗುಣಿ ತೋಡಿದ್ದರು. ಅವಳನ್ನು ಇಳಿಸಿದರು. ಮಗ ಮೊದಲ ಹಿಡಿ ಮಣ್ಣೆತ್ತಿದ. ಅಷ್ಟರಲ್ಲಿ ಪರ್ವತಯ್ಯ ಗುಣಿಯೊಳಗೆ ಇಳಿದೇಬಿಟ್ಟ.

"ಅಪ್ಪಾ! ಹುಚ್ಚು ಹಿಡೀತಾ? ಮೇಲ್ ಬಾ!"

"ಲೇ, ಸುಮ್ಕಿರ್ರೋ! ತಮಟೆ ನಿಲ್ಸಿ!"

ತಮಟೆ ನಿಂತಿತು.

"ಎಲ್ರೂ ಕೇಳಿ. ಇವಳ ಗಿಡಕ್ಕೆ ನಾನು ಕದ್ದು ಗೊಬ್ಬರ ಸುರಿದೆ. ಅದಕ್ಕೇ ಹೂವಾಗ್ನಿಲ್ಲ. ಇವಳು ಆರ್ಸಿದ್ದು ಒಂದೂ ತಪ್ಪಿಲ್ಲ. ಇವಳ ಕೈ ಕೆಟ್ಟದ್ದು ಅಂದ ಬಾಯಿ ನಂದು."

"ನಿಜ," ದೂರ ನಿಂತಿದ್ದ ನಿಯಾಜ್ ಅಂದ. "ಅಮ್ಮನ ತಪ್ಪೇನೂ ಇಲ್ಲ."

ಪರ್ವತಯ್ಯ ಹೆಂಡತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೊದಿಕೆ ಸರಿಸಿ ಬಲಗೈ ಎತ್ತಿದ. ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬೀಜವಿರಲಿಲ್ಲ. ಗುಣಿಯ ಗೋಡೆಯಿಂದ ಒಂದು ಹಿಡಿ ಕೆಮ್ಮಣ್ಣು ಕೆರೆದು ಆ ಅಂಗೈಗೆ ಹಾಕಿದ. ಅದನ್ನು ಇನ್ನೇನು ಮಾಡಬೇಕೆಂದು ತಿಳಿಯದೆ ತಲೆಯೆತ್ತಿದ.

ಅಂಚಿನಲ್ಲಿ ಜ್ಯೋತಿಲಕ್ಷ್ಮಿ ಮಂಡಿಯೂರಿ ಸೆರಗೊಡ್ಡಿದ್ದಳು.

"ಅಯ್ಯೋ ಪಾಪಿಷ್ಠಿ! ಗುಣಿ ಮಣ್ಣು ಮನೆಗೆ ಒಯ್ತಾರೇನೇ!" ಪೆದ್ದಮ್ಮ ಚೀರಿದಳು.

"ಹಾಕಿ ಮಾವ," ಅಂದಳು ಜ್ಯೋತಿಲಕ್ಷ್ಮಿ.

ಅವಳು ಇನ್ನೂ ಬಗ್ಗಿದಳು. ಪರ್ವತಯ್ಯ ಆ ತಣ್ಣನೆಯ ಕೈಯನ್ನು ತನ್ನೆರಡೂ ಕೈಯಲ್ಲಿ ಮೇಲೆತ್ತಿ ಓರೆ ಮಾಡಿದ. ಮಣ್ಣು ಚಿಕ್ಕಲಕ್ಷ್ಮಮ್ಮನ ಬೆರಳ ಸಂದಿಯಿಂದ ಸೊಸೆಯ ಸೆರಗಿಗೆ ಸಣ್ಣಗೆ ಸುರಿಯಿತು.