ಮಂಗಳೂರಿನಲ್ಲಿ ಉಳಿದದ್ದು

ಬಚ್ಚಲ ಒಲೆಯಲ್ಲಿ ಹಸಿ ಸೌದೆ ಹತ್ತದಿದ್ದರೆ ಸೌಮ್ಯ ಅದಕ್ಕೆ ಒಂದಿಷ್ಟು ಡೀಸೆಲ್ ಸುರಿಯುತ್ತಿದ್ದಳು. ಪಡಿತರದ ಸೀಮೆಎಣ್ಣೆ ನಿಂತ ಮೇಲೆ ವಸ್ತಾರೆಯ ಸುತ್ತಮುತ್ತ ಹಲವರಿಗೆ ಇದೇ ಅಭ್ಯಾಸವಾಗಿತ್ತು. ಸೆಪ್ಟೆಂಬರಿನ ಆ ಸೋಮವಾರ ಬೆಳಿಗ್ಗೆ ಬಾಟಲಿಯಲ್ಲಿದ್ದದ್ದು ಡೀಸೆಲ್ ಅಲ್ಲ. ಹಿಂದಿನ ದಿನ ಅವಳ ಗಂಡ ವಿಶ್ವನಾಥ, ಕಳೆ ಹೊಡೆಯುವ ಮೆಷಿನ್ನಿಗೆ ತಂದು ಮಿಕ್ಕ ಪೆಟ್ರೋಲನ್ನು ಅದೇ ಬಾಟಲಿಗೆ ತುಂಬಿಸಿಟ್ಟಿದ್ದ. ಹೇಳಬೇಕೆಂದುಕೊಂಡು ಮರೆತಿದ್ದ. ಸೌಮ್ಯಳಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು; ವಾಸನೆ ತಿಳಿಯಲಿಲ್ಲ.

ಕಿರುಚಿದ್ದು ಕೇಳಿ ಅವನು ಓಡಿ ಬಂದು ಕಂಬಳಿ ಹೊದಿಸುವಷ್ಟರಲ್ಲಿ ಮೈ ಅರ್ಧಕ್ಕಿಂತ ಹೆಚ್ಚು ಸುಟ್ಟಿತ್ತು. ಚಿಕ್ಕಮಗಳೂರಿನಲ್ಲಿ ಆಗುವುದಿಲ್ಲವೆಂದರು. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಮರುದಿನ ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸರಿಗೆ ಸೌಮ್ಯ ಊದಿದ ತುಟಿಯಲ್ಲೇ ಹೇಳಿದಳು: "ನಂದೇ ತಪ್ಪು. ಯಾವ ಬಾಟ್ಲಿ ಅಂತ ನೋಡ್ದೆ ಸುರಿದೆ."

ವಿಶ್ವನಾಥ ಬಾಗಿಲ ಬಳಿಯೇ ನಿಂತಿದ್ದ. ಪೊಲೀಸರು ಹೊರಟಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಸುಡದೇ ಉಳಿದ ತೊಡೆಯಿಂದ ಅಂಚೆಚೀಟಿಯಷ್ಟು ಚರ್ಮ ತೆಗೆದು, ಅದರ ಜೀವಕೋಶಗಳನ್ನು ಬೆಳೆಸಿ ಗಾಯಕ್ಕೆ ಹಾಕುವ ಪ್ರಯೋಗವೊಂದು ಆ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ಅದನ್ನು ವಿವರಿಸಲು ಬಂದವಳು ಪ್ರಯೋಗಾಲಯದ ದೀಪಶ್ರೀ. ಮೂಡಿಗೆರೆ ತಾಲ್ಲೂಕಿನ ಜಾವಳಿಯವಳು. ವಿಶ್ವನಾಥನನ್ನೂ ಅವನ ಮಾವ ಓಂಕಾರಮೂರ್ತಿಯವರನ್ನೂ ಕೂರಿಸಿಕೊಂಡು ಹೇಳಿದಳು:

"ಚರ್ಮದ ಕೋಶ ನೀರಲ್ಲಿ ತೇಲ್ತಾ ಬದುಕಲ್ಲ ಸರ್. ಹಿಡ್ಕೊಳ್ಳೋಕೆ ಏನಾದ್ರೂ ಬೇಕು. ಸಾಸಿವೆಗಿಂತ ಸಣ್ಣ ಮಣಿಗಳನ್ನ ಲಕ್ಷಗಟ್ಲೆ ಹಾಕಿ, ಬೆಚ್ಚಗಿಟ್ಟು, ನಿಧಾನ ತಿರುಗಿಸ್ತಾ ಇರ್ತೀವಿ. ಕೋಶ ಮಣಿಗೆ ಅಂಟ್ಕೊಂಡು ಹರಡ್ತವೆ. ಆಮೇಲೆ ಮಣಿ ಸಮೇತ ಗಾಯದ ಮೇಲೆ ಹಾಕೋದು. ಮಣಿ ತಾನೇ ಕರಗುತ್ತೆ. ಬೆಳೆಯೋಕೆ ಮೂರು ವಾರ ಬೇಕು."

ಓಂಕಾರಮೂರ್ತಿ ವಸ್ತಾರೆಯಲ್ಲಿ ದಿನಸಿ ಅಂಗಡಿ ಇಟ್ಟವರು. ಲಿಂಗಪೂಜೆ ಮಾಡದೆ ನೀರು ಮುಟ್ಟದವರು. "ಮಣಿ ಯಾವುದರದ್ದು?" ಎಂದು ಕೇಳಿದರು.

ದೀಪಶ್ರೀ ಸುಳ್ಳು ಹೇಳಲಿಲ್ಲ. "ಜೆಲಾಟಿನ್ ಸರ್. ಹಂದಿ ಚರ್ಮದಿಂದ ತೆಗೆದದ್ದು."

"ಬೇರೆ ಥರದ್ದು ಇಲ್ವಾ?"

"ತರಿಸ್ಬೇಕು. ತಿಂಗಳಾಗುತ್ತೆ. ಅಷ್ಟು ದಿನ ಕಾಯೋ ಹಾಗಿಲ್ಲ."

"ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಹುಡುಗಿ ಅವಳು. ಅವಳ ಮೈಗೆ ಇದನ್ನ ಬಳಿಯೋದಾ? ಬೇಡ."

ಗಂಡನ ಸಹಿಯೊಂದಿದ್ದರೆ ಸಾಕಿತ್ತು. ಆದರೆ ವಿಶ್ವನಾಥನಿಗೆ ಮಾವನ ಮುಖ ನೋಡುವ ಧೈರ್ಯವಿರಲಿಲ್ಲ. ಬಾಯಿ ಬಿಟ್ಟರೆ ಬಾಟಲಿಯ ಮಾತೂ ಹೊರಗೆ ಬಂದೀತು ಎಂದು ಹೆದರಿ ಸುಮ್ಮನಾದ. ಹೀಗೆ ಎರಡು ದಿನ ಹೋಯಿತು.

ಮೂರನೆಯ ದಿನ ದೀಪಶ್ರೀ ಸೌಮ್ಯಳ ಹಾಸಿಗೆಯ ಪಕ್ಕ ನಿಂತು ಅವಳಿಗೇ ಎಲ್ಲವನ್ನೂ ಹೇಳಿದಳು, ಹಂದಿಯ ವಿಷಯವನ್ನೂ ಬಿಡದೆ. ಅಲ್ಲಿಯವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ.

"ಹಾಕಿ ಅಕ್ಕ," ಎಂದಳು ಸೌಮ್ಯ. "ಉರಿ ಆರಿದ್ರೆ ಸಾಕು. ಅಪ್ಪಾಜಿಗೆ ನಾನೇ ಹೇಳ್ದೆ ಅನ್ನಿ."

ದೀಪಶ್ರೀ ಹಾಗೆಯೇ ತಿಳಿಸಿದಾಗ ಓಂಕಾರಮೂರ್ತಿ ತಲೆ ತಗ್ಗಿಸಿ ಹೊರಗೆ ಹೋದರು. ವಿಶ್ವನಾಥ ಸಹಿ ಹಾಕಿದ.

ಅಂದಿನಿಂದ ದೀಪಶ್ರೀ ದಿನವೂ ಅವನಿಗೆ ಸುದ್ದಿ ಕೊಡುತ್ತಿದ್ದಳು. ಅಂಟಿಕೊಂಡಿವೆ. ಹೆಚ್ಚಾಗುತ್ತಿವೆ. ಅರ್ಧ ಮಣಿಗಳು ತುಂಬಿವೆ. ಅವನು ಅದನ್ನು ಸೌಮ್ಯಳಿಗೆ ಹೇಳುವನು. ಅವಳು ಕಣ್ಣು ಮುಚ್ಚಿಯೇ ಕೇಳುವಳು. ಕೋಶ ಬೆಳೆಸಲು ತೊಡಗಿದ ಹದಿನೈದನೆಯ ದಿನ ಜ್ವರ ಬಂತು. ಸೋಂಕು ರಕ್ತಕ್ಕೆ ಇಳಿದಿತ್ತು. ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಸೌಮ್ಯ ತೀರಿಕೊಂಡಳು.

ವಸ್ತಾರೆಯಲ್ಲಿ ಮಣ್ಣು ಮಾಡಿದರು. ಪದ್ಧತಿಯಂತೆ ಕೂರಿಸಬೇಕಿತ್ತು. ಬ್ಯಾಂಡೇಜು ಸುತ್ತಿದ ಆ ಮೈಯನ್ನು ಕೂರಿಸಲಾಗದೆ ಮಲಗಿಸಿಯೇ ಮುಚ್ಚಿದರು.

ಮೂರನೆಯ ದಿನ ದೀಪಶ್ರೀಯ ಫೋನ್ ಬಂತು. ಮನೆಯವರ ಸಹಿಯಿಲ್ಲದೆ ಕೋಶಗಳನ್ನು ಬೆಳೆಸುವುದು ನಿಲ್ಲಿಸುವಂತಿಲ್ಲ. ಹಾಗಾಗಿ ಇನ್ನೂ ನೋಡಿಕೊಳ್ಳುತ್ತಿದ್ದೇನೆ ಎಂದಳು. "ಎಲ್ಲಾ ಬೆಳೆದು ತಯಾರಾಗಿದೆ. ಏನು ಮಾಡ್ಬೇಕು ಅಂತ ನೀವೇ ಹೇಳ್ಬೇಕು," ಎಂದಳು.

ವಿಶ್ವನಾಥ ಮಾವನಿಗೆ ತಿಳಿಸಿದ. ಅವರು ಅಂಗಿ ಹಾಕಿಕೊಂಡು ಬಂದು ಜೀಪಿನಲ್ಲಿ ಕುಳಿತರು.

ಪ್ರಯೋಗಾಲಯದಲ್ಲಿ ಎರಡು ಲೀಟರಿನ ಗಾಜಿನ ಪಾತ್ರೆಯೊಂದು ಸಣ್ಣಗೆ ಸದ್ದು ಮಾಡುತ್ತಿತ್ತು. ಒಳಗೆ ತೆಳು ಗುಲಾಬಿ ದ್ರವ, ಅದರಲ್ಲಿ ಮಂಜಿನ ಹಾಗೆ ಸುತ್ತುತ್ತಿದ್ದ ಮಣಿಗಳು. ದೀಪಶ್ರೀ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟಳು. ಓಂಕಾರಮೂರ್ತಿ ಕನ್ನಡಕ ತೆಗೆದು ಬಗ್ಗಿ ನೋಡಿದರು. ದುಂಡನೆಯ ಮಣಿಗಳ ಮೈತುಂಬ ಕೋಶಗಳು ಒತ್ತೊತ್ತಾಗಿ ಅಂಟಿದ್ದವು. ಕೆಲವು ಒಂದು ಮಣಿಯಿಂದ ಪಕ್ಕದ ಮಣಿಗೂ ಚಾಚಿಕೊಂಡಿದ್ದವು.

"ಇದು ಅವಳಾ?"

"ಅವಳದ್ದೇ ಸರ್."

"ಅವಳು ಹೋಗಿದ್ದು ಇವಕ್ಕೆ ಗೊತ್ತಾಗುತ್ತಾ?"

"ಇಲ್ಲ ಸರ್. ಇವಕ್ಕೆ ಏನೂ ಗೊತ್ತಾಗಲ್ಲ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ, "ನಮಗೆ ಕೊಡಿ. ಅವಳದ್ದು ಅವಳ ಜೊತೆ ಇರ್ಲಿ," ಎಂದರು.

"ಜೀವ ಇರುವಾಗ ಹೊರಗೆ ಕೊಡೋ ಹಾಗಿಲ್ಲ. ನಿಲ್ಲಿಸಿ, ಸೀಲ್ ಮಾಡಿ ಕೊಡೋಕೆ ಒಪ್ಪಿಗೆ ತಗೊಂಡಿದೀನಿ."

ಸಹಿ ಮತ್ತೆ ವಿಶ್ವನಾಥನದೇ ಆಗಬೇಕಿತ್ತು. ಪೆನ್ನು ಹಿಡಿದು ಪಾತ್ರೆಯ ಕಡೆ ನೋಡಿದ. ಸೌಮ್ಯ ಸತ್ತಾಗ ಬಾರದಿದ್ದ ಅಳು ಆಗ ಬಂತು. ದೀಪಶ್ರೀ ಕಾದಳು. ಅವನು ಬರೆದ ಮೇಲೆ ಅವಳು ಪಾತ್ರೆಗೆ ಔಷಧ ಹಾಕಿ, ಸ್ವಲ್ಪ ಹೊತ್ತಿಗೆ ಮೋಟಾರು ನಿಲ್ಲಿಸಿದಳು. ಮಣಿಗಳು ಸುತ್ತುವುದನ್ನು ಬಿಟ್ಟು ಒಂದೊಂದಾಗಿ ತಳಕ್ಕೆ ಇಳಿದವು.

ಹೊರಡುವಾಗ ಓಂಕಾರಮೂರ್ತಿ ಅವಳನ್ನು ಕೇಳಿದರು: "ನಾನು ಎರಡು ದಿನ ತಡ ಮಾಡಿದೆ. ಮಾಡ್ದೆ ಇದ್ದಿದ್ರೆ?"

"ಆಗ್ಲೂ ಚರ್ಮ ತಯಾರಾಗೋಕೆ ಮುಂಚೆನೇ ಸೋಂಕು ರಕ್ತಕ್ಕೆ ಹೋಗಿರ್ತಿತ್ತು ಸರ್. ಎರಡು ದಿನದಿಂದ ಏನೂ ಬದಲಾಗ್ತಿರ್ಲಿಲ್ಲ ಅನ್ಸುತ್ತೆ."

ಆ 'ಅನ್ಸುತ್ತೆ'ಯನ್ನೇ ಅವರು ಹಿಡಿದುಕೊಂಡರು. ಘಾಟಿ ಹತ್ತುವಾಗ, ಸೀಲ್ ಮಾಡಿದ ಸೀಸೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು. "ಪಾಪ, ಸಮಾಧಾನಕ್ಕೆ ಹೇಳ್ತಾಳೆ. ಲೆಕ್ಕ ಹಾಕಿದ್ರೆ ಎರಡೇ ದಿನ ಕಮ್ಮಿ ಬಿತ್ತು ವಿಶ್ವ. ನನ್ನ ಮಗಳನ್ನ ನಾನೇ ಕೊಂದೆ."

ವಿಶ್ವನಾಥ ಒಂದು ತಿರುವು ದಾಟಿದ. ಇನ್ನೊಂದು ದಾಟಿದ. ಆಮೇಲೆ ಜೀಪು ಬದಿಗೆ ನಿಲ್ಲಿಸಿದ.

"ಮಾವ, ನೀವಲ್ಲ. ಆ ಬಾಟ್ಲಿಗೆ ಪೆಟ್ರೋಲ್ ಹಾಕಿಟ್ಟಿದ್ದು ನಾನು. ಅವಳಿಗೆ ಹೇಳಿರ್ಲಿಲ್ಲ. ನನ್ನ ಉಳಿಸೋಕೆ ಅವಳು ತನ್ನದೇ ತಪ್ಪು ಅಂದಳು."

ಓಂಕಾರಮೂರ್ತಿ ಮುಂದಿನ ರಸ್ತೆಯ ಕಡೆ ಕೈ ತೋರಿಸಿದರು; ಅವನು ಜೀಪು ಹೊರಡಿಸಿದ. ಕೊಟ್ಟಿಗೆಹಾರ ಬಂದಾಗ, "ನಿಲ್ಸು," ಎಂದರು. ಸೀಸೆಯನ್ನು ಎದೆಗೆ ಅವಚಿಕೊಂಡು ಇಳಿದು, ಚಿಕ್ಕಮಗಳೂರಿನ ಬಸ್ಸು ಹತ್ತಿದರು. ವಿಶ್ವನಾಥ ದಾರಿಯುದ್ದಕ್ಕೂ ಆ ಬಸ್ಸಿನ ಹಿಂದೆಯೇ ಬಂದ. ಬಸ್ಸು ನಿಂತಲ್ಲೆಲ್ಲ ತಾನೂ ನಿಂತ.

ಸಂಜೆ ವಸ್ತಾರೆಯ ರುದ್ರಭೂಮಿಯ ಬೇಲಿಯ ಬಳಿ ಮಾವ ಅವನಿಗಾಗಿ ಕಾಯುತ್ತಿದ್ದರು.

"ಗುದ್ದಲಿ ಇದ್ಯಾ?"

ಜೀಪಿನಲ್ಲಿತ್ತು. ಇನ್ನೂ ಹಸಿಯಾಗಿದ್ದ ಮಣ್ಣಿನಲ್ಲಿ ವಿಶ್ವನಾಥ ಮೊಣಕಾಲುದ್ದ ಗುಂಡಿ ತೋಡಿದ. ಓಂಕಾರಮೂರ್ತಿ ಸೀಸೆಗೆ ವಿಭೂತಿ ಹಚ್ಚಿ, ತಮ್ಮ ಕೈಯಿಂದಲೇ ಕೆಳಗಿಟ್ಟರು. ಇಬ್ಬರೂ ಸೇರಿ ಮಣ್ಣೆಳೆದು ಮುಚ್ಚಿದರು.

"ನಾಳೆ ಸ್ಟೇಷನ್ನಿಗೆ ಹೋಗಿ ಇದ್ದದ್ದು ಹೇಳ್ತೀನಿ ಮಾವ."

"ಬೇಡ," ಎಂದರು ಓಂಕಾರಮೂರ್ತಿ. "ಅವಳು ಒಂದು ಮಾತು ಹೇಳಿ ಹೋಗಿದಾಳೆ. ಅದನ್ನ ಸುಳ್ಳು ಮಾಡ್ಬೇಡ. ಆದ್ರೆ ಇನ್ಮೇಲೆ ನಮ್ಮನೆ ಮೆಟ್ಲು ಹತ್ಬೇಡ."

ಅವರು ರಸ್ತೆಗೆ ಇಳಿದು ನಡೆದೇ ಹೋದರು. ಹನ್ನೊಂದನೆಯ ದಿನದ ಶಿವಗಣಾರಾಧನೆಯನ್ನು ಅವರೇ ತಮ್ಮ ಮನೆಯಲ್ಲಿ ಮಾಡಿಸಿದರು. ವಿಶ್ವನಾಥನಿಗೆ ಹೇಳಿ ಕಳಿಸಲಿಲ್ಲ. ಅವನು ಹೋಗಿ ಕೇಳಲೂ ಇಲ್ಲ.