ಎರಡನೇ ಸಲ ಕೇಳಲಿಲ್ಲ

ಕವನಳ ಅಪ್ಪ ನಾಗಯ್ಯ ಮಗಳಿಗೆ ಆಸ್ತಿ ಮಾಡಿಡಲಿಲ್ಲ, ಮರ್ಯಾದೆಯನ್ನು ಮಾತ್ರ ಧಾರಾಳವಾಗಿ ಕಲಿಸಿದ. ಯಾರೇ ಏನೇ ಕೊಡಲು ಬಂದರೂ ಮೊದಲು ಬೇಡ ಅನ್ನಬೇಕು. “ದೊಡ್ಡೋರು ಮೊದ್ಲು ಕೇಳೋದು ಬಾಯ್ಮಾತಿಗೆ ಮಗಾ. ಕೊಡೋ ಮನ್ಸಿದ್ರೆ ಇನ್ನೊಂದ್ಸಲ ಕೇಳ್ತಾರೆ” ಎನ್ನುತ್ತಿದ್ದ. ಕೆಲಸಕ್ಕಿದ್ದ ಕಾಗದನಗರದ ಕಾರ್ಖಾನೆ ನಿಂತು ಗಾರೆ ಕೆಲಸಕ್ಕೆ ಬಿದ್ದ ಮೇಲೂ, ಮಾಲೀಕರ ಮನೆಯ ಕಾಫಿಯನ್ನು ಒಮ್ಮೆ ಬೇಡವೆಂದೇ ಅವನು ಕುಡಿಯುತ್ತಿದ್ದುದು.

ಅವರ ಜನದಲ್ಲಿ ಭದ್ರಾವತಿಯಿಂದ ಬಸ್ಸು ಹತ್ತಿ ಶಿವಮೊಗ್ಗದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನವರೆಗೆ ಹೋದವಳು ಕವನ ಒಬ್ಬಳೇ. ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಮೊದಲ ವರ್ಷವೆಲ್ಲ ಅತ್ತವಳು. ಆದರೆ ಲ್ಯಾಬಿನಲ್ಲಿ ಒಂದೇ ಹನಿಗೆ ದ್ರಾವಣದ ಬಣ್ಣ ತಿರುಗಿದಾಗ, ನಾನೂ ಇಲ್ಲಿಯವಳೇ ಅನ್ನಿಸಿ ಸುಖವಾಗುತ್ತಿತ್ತು.

ಅದನ್ನು ಗಮನಿಸಿದ್ದ ಮೇಷ್ಟ್ರು ಜ್ಞಾನೇಶ್, ಕೊನೆಯ ವರ್ಷ ಅವಳನ್ನು ಸ್ಟಾಫ್ ರೂಮಿಗೆ ಕರೆಸಿದರು.

“ಮೈಸೂರಿನ ಲ್ಯಾಬಲ್ಲಿ ಬೇಸಿಗೆ ಪ್ರಾಜೆಕ್ಟ್ ಇದೆ. ನಮ್ಮ ಕಾಲೇಜಿಂದ ಒಬ್ರಿಗೆ ಮಾತ್ರ. ಚೆನ್ನಾಗಿ ಮಾಡಿದ್ರೆ ಮುಂದಿನ ಓದಿಗೂ ಕೆಲಸಕ್ಕೂ ಅವರೇ ದಾರಿ ತೋರಿಸ್ತಾರೆ. ಹೋಗ್ತೀಯೇನಮ್ಮ?”

ಕುಣಿದುಬಿಡಬೇಕು ಅನ್ನಿಸಿತು. ಆದರೆ ಸುತ್ತ ಉಳಿದ ಮೇಷ್ಟ್ರುಗಳೆಲ್ಲ ನೋಡುತ್ತಿದ್ದರು. ಬಾಯಿ ತನ್ನಷ್ಟಕ್ಕೆ ಮನೆಪಾಠ ಒಪ್ಪಿಸಿತು.

“ಬೇಡ ಸರ್, ಪರವಾಗಿಲ್ಲ. ಬೇರೆಯವ್ರನ್ನ ಕಳ್ಸಿ.”

ತಲೆ ತಗ್ಗಿಸಿ, ಇನ್ನೊಂದು ಸಲ ಕೇಳಲೆಂದು ಕಾದಳು. “ಸರಿ, ನಿನ್ನಿಷ್ಟ” ಎಂದ ಸರ್ ಫೋನ್ ಎತ್ತಿಕೊಂಡರು. ಆಗಲೂ ಪೆದ್ದಿಗೆ ಭಯವಾಗಲಿಲ್ಲ. ನಾಳೆ ಕೇಳುತ್ತಾರೆ ಎಂದುಕೊಂಡೇ ಬಸ್ಸು ಹತ್ತಿದಳು.

ಮರುದಿನ ಅವಳ ಬೆಂಚಿನ ಗೆಳತಿ, ಗೋಪಾಳ ಬಡಾವಣೆಯ ಸ್ಫೂರ್ತಿ, ತಾನು ಮೈಸೂರಿಗೆ ಹೊರಟ ಸುದ್ದಿ ಹೇಳಿದಳು. “ಸರ್ ಕೇಳಿ ಮುಗಿಸೋಕೂ ಬಿಡ್ಲಿಲ್ಲ ಮಾರಾಯ್ತಿ, ಹೂಂ ಅಂದ್ಬಿಟ್ಟೆ.”

ಬೈಯೋಣವೆಂದರೆ ಸ್ಫೂರ್ತಿಯ ತಪ್ಪೇನೂ ಇರಲಿಲ್ಲ. ಕವನ ಸೀದಾ ಸ್ಟಾಫ್ ರೂಮಿಗೆ ಓಡಿದಳು.

“ನೀನೇ ಬೇಡ ಅಂದ್ಯಲ್ಲಮ್ಮ” ಎಂದರು ಜ್ಞಾನೇಶ್.

“ಬೇಕಿತ್ತು ಸರ್.”

“ಬೇಕಿದ್ರೆ ಬಾಯ್ಬಿಟ್ಟು ಹೇಳ್ಬಾರ್ದಾ? ನಿಮ್ಮ ಕಡೆ ಹೆಣ್ಮಕ್ಕಳನ್ನ ದೂರ ಕಳ್ಸಲ್ಲ ಅಂದ್ಕೊಂಡೆ. ಈಗ ಸ್ಫೂರ್ತಿ ಹೆಸ್ರು ಮೈಸೂರಿಗೆ ಹೋಗಿಬಿಟ್ಟಿದೆ.”

ಅವರ ಮುಖದಲ್ಲಿ ನಿಜವಾಗಿಯೂ ಬೇಸರವಿತ್ತು. ಆ ಬೇಸರ ಕಟ್ಟಿಕೊಂಡು ಅವಳೇನು ಮಾಡಬೇಕು? ಅವಳಿಗೆ ಈ ಕಾಲೇಜಿನಲ್ಲಿ ಇನ್ನೊಂದು ಬೇಸಿಗೆ ಇರಲಿಲ್ಲ.

ಸಂಜೆ ನಾಗಯ್ಯ ಕೆಲಸ ಮುಗಿಸಿ ಬಂದು ಜಗುಲಿಯಲ್ಲಿ ಕೂತ. ಕವನ ಪ್ರಾಜೆಕ್ಟಿನ ವಿಷಯ ತೆಗೆದು, “ಸರ್ ಕೇಳಿದ್ರು. ನಾನು ಬೇಡ ಅಂದೆ” ಎಂದಳು. ಅವನ ಮುಖ ಅರಳಿತು.

“ಒಳ್ಳೇದಾಯ್ತು. ಆಸೆಬುರುಕಿ ಅನ್ನಿಸ್ಕೋಬಾರ್ದು. ಮತ್ತೆ ಕೇಳೇ ಕೇಳ್ತಾರೆ.”

“ಕೇಳ್ಲಿಲ್ಲಪ್ಪ. ಬೇರೆಯವ್ಳಿಗೆ ಕೊಟ್ರು.”

ನಾಗಯ್ಯ ಅವಳ ಕೆಂಪಗಾದ ಕಣ್ಣುಗಳನ್ನು ಆಗ ನೋಡಿದ. “ಅಷ್ಟು ಬೇಕಿದ್ರೆ ಬಾಯ್ಬಿಟ್ಟು ಹೇಳ್ಬಾರ್ದಾಗಿತ್ತಾ ಮಗಾ?” ಎಂದ.

ನೀನು ಕಲಿಸಿದ್ದಾದರೂ ಏನಪ್ಪ ಎಂಬ ಮಾತು ಕವನಳ ಗಂಟಲವರೆಗೆ ಬಂತು. ಸಿಮೆಂಟು ಮೆತ್ತಿ ಬಿರುಕು ಬಿಟ್ಟ ಅವನ ಕೈ ಕಾಣಿಸಿತು. ಆ ಮಾತನ್ನೂ ಅವಳು ಬಾಯಿಬಿಟ್ಟು ಹೇಳಲಿಲ್ಲ.