ಪೆನ್ಸಿಲ್ ಗುರುತು ಇದ್ದಲ್ಲಿ ಸಹಿ

ವಕೀಲರ ಕಚೇರಿಯ ಟೈಪಿಸ್ಟಮ್ಮನಿಗೆ ಆ ದಿನ ಬೆಳಗ್ಗಿನಿಂದಲೇ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಇನ್ನು ಹತ್ತೇ ದಿನ. ಅರ್ಜಿಯನ್ನಂತೂ ಇವತ್ತು ಸಂಜೆ ಐದರೊಳಗೆ ಕಾಲೇಜಿನ ಕೌಂಟರಿಗೆ ಕೊಡಬೇಕು. ಎಲ್ಲ ಸಿದ್ಧವಿತ್ತು, ಶಿಫಾರಸು ಪತ್ರವೊಂದನ್ನು ಬಿಟ್ಟು. ಅದಿಲ್ಲದೆ ಅರ್ಜಿ ತೆಗೆದುಕೊಳ್ಳುವುದಿಲ್ಲವಂತೆ.

ಡ್ರಾಯರಿನಲ್ಲಿ ಆ ಪರೀಕ್ಷೆಯ ತರ್ಕದ ಪುಸ್ತಕ ತೆರೆದೇ ಇತ್ತು. ದುಂಡು ಮೇಜಿನ ಸುತ್ತ ಎಂಟು ಜನ ಕೂತಿದ್ದಾರೆ, ವೈದ್ಯನ ಎಡಕ್ಕೆ ದರ್ಜಿ ಇಲ್ಲ, ಹಾಗಾದರೆ ದರ್ಜಿಯ ಎದುರಿಗೆ ಯಾರು? ಅಲ್ಲ, ಅವರು ಎಲ್ಲಿ ಕೂತರೆ ಯಾರಿಗೇನು! ಒಂದು ಪುಟ ಪ್ರಿಂಟ್ ಆಗುವಷ್ಟರಲ್ಲಿ ಹೇಗೋ ಇಬ್ಬರನ್ನು ಕೂರಿಸುತ್ತಿದ್ದಳು. ವಕೀಲರು ಬೆಲ್ ಒತ್ತಿದರೆ ಎಂಟೂ ಜನ ಎದ್ದು ಓಡುತ್ತಿದ್ದರು.

ಪತ್ರ ಕೇಳಿ ಹದಿನೈದು ದಿನವಾಗಿತ್ತು. ನೀನೇ ಟೈಪ್ ಮಾಡಿ ಇಡು, ಸಹಿ ಹಾಕ್ತೀನಿ ಅಂದಿದ್ದರು ವಕೀಲರು. ಆ ಕಚೇರಿಯ ಪದ್ಧತಿಯೇ ಅದು. ಸಹಿ ಬೇಕಾದಲ್ಲೆಲ್ಲ ಅವಳು ಪೆನ್ಸಿಲಿನಿಂದ ಸಣ್ಣ ಗುರುತು ಹಾಕಬೇಕು, ಅವರು ಫೋನಿನಲ್ಲಿ ಮಾತಾಡುತ್ತಲೇ ಗುರುತು ಕಂಡಲ್ಲಿ ಗೀಚುತ್ತ ಹೋಗಬೇಕು. ಓದುವುದು ಗೀದುವುದು ಇಲ್ಲ. ಹನ್ನೊಂದು ವರ್ಷ ಹೀಗೇ ನಡೆದಿತ್ತು.

ಆದರೆ ತನ್ನನ್ನು ತಾನೇ ಹೊಗಳಿಕೊಳ್ಳುವುದು ಹೇಗೆ? ತಿಣುಕಿ ತಿಣುಕಿ ಎರಡು ಸಾಲು ಬರೆದಿದ್ದಳು: ಸಮಯಕ್ಕೆ ಸರಿಯಾಗಿ ಬರುತ್ತಾಳೆ, ನಡತೆ ಒಳ್ಳೆಯದು. ಮನೆಯಲ್ಲಿ ಅಕ್ಕ ಅದನ್ನು ನೋಡಿ, ಮನೆಗೆಲಸಕ್ಕೆ ಸೇರ್ತಿದ್ದೀಯೇನೇ ಎಂದು ಕೆಣಕಿದ್ದಳು. ಆ ನಾಚಿಕೆಗೇ ಪತ್ರ ಇಷ್ಟು ದಿನ ಡ್ರಾಯರಿನಲ್ಲಿ ಉಳಿದಿತ್ತು.

ಮೂರೂವರೆಗೆ ಮನಸ್ಸು ಗಟ್ಟಿ ಮಾಡಿ ಅದನ್ನು ಫೈಲುಗಳ ಜೊತೆ ವಕೀಲರ ಮುಂದಿಟ್ಟಳು. ಅವಸರದಲ್ಲಿ ಅರ್ಜಿಯೂ ಅದರಡಿಯಲ್ಲೇ ಹೋಯಿತು. ಕೈಯ ಅಭ್ಯಾಸ ನೋಡಿ, ತಾನೇ ಸಹಿ ಹಾಕಬೇಕಾದ ಜಾಗಕ್ಕೂ ಗುರುತು ಹಾಕಿದ್ದಳು. ವಕೀಲರು ಬಿಡುತ್ತಾರೆಯೇ? ಅಲ್ಲೂ ಗೀಚಿದರು.

“ಸರ್, ಅದು ನನ್ನ ಸಹಿ ಜಾಗ.”

ಅವರು ಫೋನ್ ಇಟ್ಟು ಹಾಳೆ ನೋಡಿದರು. ಕಾನೂನು ಏಕೆ ಓದಬೇಕೆಂದು ಅವಳು ಬರೆದಿದ್ದ ಪುಟ ಅದು. ಮುದುಕಿಯೊಬ್ಬಳ ಮನೆಯ ದಾವೆಯ ವಿಷಯ ಅದರಲ್ಲಿತ್ತು. ವಕೀಲರು ಹೇಳಿ ಬರೆಸುವಾಗ ಪೂರ್ವದ ಗೋಡೆಯನ್ನು ಪಶ್ಚಿಮ ಅಂದಿದ್ದರು. ಅವಳು ಆ ಮನೆಯ ಹಳೆಯ ಪತ್ರಗಳನ್ನು ಹುಡುಕಿ, ತಿದ್ದಿ, ಸಹಿಗೆ ಇಟ್ಟಿದ್ದಳು. ಮುದುಕಿಗೆ ಮನೆ ಉಳಿಯಿತು, ವಕೀಲರಿಗೆ ಹೆಸರು ಬಂತು. ಸಹಿ ಹಾಕಿದವರು ಅದನ್ನು ಓದಿರಲಿಲ್ಲ ಎಂದೂ ಮಹರಾಯಿತಿ ಬರೆದುಬಿಟ್ಟಿದ್ದಳು. ಕೆಲಸವೂ ಹೋಯಿತು, ಕಾಲೇಜೂ ಹೋಯಿತು ಎಂದುಕೊಂಡಳು.

ವಕೀಲರು ಎದ್ದು ಕಪಾಟಿನಿಂದ ಆ ಹಳೆಯ ಫೈಲು ತೆಗೆದರು. ನಿಂತೇ ಓದಿದರು. ಗಂಟೆ ನಾಲ್ಕಾಯಿತು. ಆಮೇಲೆ ಎರಡು ಸಾಲಿನ ಪತ್ರವನ್ನು ಹರಿದು ಬುಟ್ಟಿಗೆ ಹಾಕಿದರು.

“ಆ ಪುಟ ಇನ್ನೊಂದು ಸಲ ಪ್ರಿಂಟ್ ತಗೊ. ಪತ್ರ ನಾನೇ ಬರೀತೀನಿ.”

ಅವಳು ಹೊಸ ಪುಟಕ್ಕೆ ಸಹಿ ಹಾಕಿಕೊಂಡು ಬಂದಾಗ ಅವರು ಕೈಯಲ್ಲೇ ಬರೆಯುತ್ತಿದ್ದರು, ಕಾಗೆ ಕಾಲಿನಂಥ ಅಕ್ಷರದಲ್ಲಿ, ಹಾಳೆ ತುಂಬ. ನನ್ನ ತಪ್ಪು ಹಿಡಿಯಬಲ್ಲವರು ಈ ಕಚೇರಿಯಲ್ಲಿ ಇವರೊಬ್ಬರೇ ಎಂಬ ಸಾಲು ಕಂಡಿತು. ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ಪೆನ್ನು ಪತ್ರದ ಮೇಲ್ತುದಿಯಲ್ಲಿ ಬಿಟ್ಟಿದ್ದ ಖಾಲಿ ಜಾಗಕ್ಕೆ ಹೋಗಿ ನಿಂತಿತು. ವಕೀಲರು ಕನ್ನಡಕ ತೆಗೆದು, ತಲೆ ಎತ್ತದೆ ಕೇಳಿದರು.

“ನಿನ್ನ ಪೂರ್ತಿ ಹೆಸರು ಏನಮ್ಮ?”

ಎದುರು ಕಕ್ಷಿಗಳ ಮುತ್ತಾತಂದಿರ ಹೆಸರೆಲ್ಲ ಬಾಯಿಪಾಠವಿತ್ತು ಈ ಮನುಷ್ಯನಿಗೆ! ತುಂಬಿದ ಕಣ್ಣಿನಲ್ಲೇ ಅವಳಿಗೆ ರೇಗಿಹೋಯಿತು. ಹೆಸರು ಹೇಳಿದಳು, ಅಪ್ಪನ ಹೆಸರೂ ಸೇರಿಸಿ, ಹೊರಗೆ ಕೂತಿದ್ದ ಕಕ್ಷಿದಾರರಿಗೆಲ್ಲ ಕೇಳುವ ಹಾಗೆ.